ಸಾವ್ಕಾರರು ಅತ್ತ ದಿನ

ಬ್ಯಾಡಗಿಯ ತಗಡಿನ ಶೆಡ್ಡಿನೊಳಗೆ ಮಾರ್ಚ್ ತಿಂಗಳ ಮಧ್ಯಾಹ್ನ ಅಂದರೆ ಒಲೆಯ ಮೇಲಿಟ್ಟ ಹಂಚು. ಮೇಲೆ ತಗಡು ಕಾಯುತ್ತದೆ, ಎದುರಿಗೆ ಮೆಣಸಿನಕಾಯಿ ರಾಶಿ ಕಾವು ಉಗುಳುತ್ತದೆ, ನಡುವೆ ಹೆಂಗಸರು ಸಾಲಾಗಿ ಕೂತು ತೊಟ್ಟು ಬಿಡಿಸುತ್ತಾರೆ. ಬೆರಳು ಉರಿಯುತ್ತವೆ. ಮರೆತು ಅದೇ ಬೆರಳಲ್ಲಿ ಕಣ್ಣೊರೆಸಿಕೊಂಡರೆ ಅರ್ಧ ದಿನ ಕಣ್ಣೀರಿನಲ್ಲೇ ಹೋಯಿತು.

ಮುಮ್ತಾಜಬಿಯ ಚಿಂತೆ ಬೇರೆ. ಅವಳ ಬೆರಳು ಉರಿಯುವುದೇ ನಿಂತುಬಿಟ್ಟಿತ್ತು. ಬೆಳಿಗ್ಗೆ ನೆಟ್ಟಗೆ ನಡೆದು ಬಂದ ಕಾಲು ಬಿಸಿಲೇರಿದ ಹಾಗೆ ಕಲ್ಲಾಗುತ್ತಿತ್ತು. ಎಡಗಣ್ಣಿಗೆ ಮಂಜು ಕವಿಯುತ್ತಿತ್ತು. ಹುಬ್ಬಳ್ಳಿಯ ಡಾಕ್ಟರು ತಲೆಯ ಸ್ಕ್ಯಾನ್ ಮಾಡಿಸಿ ‘ಮಲ್ಟಿಪಲ್ ಸ್ಕ್ಲೀರೋಸಿಸ್’ ಅಂದರು. ಆ ಹೆಸರು ಅವಳ ಬಾಯಲ್ಲಿ ನಿಲ್ಲಲಿಲ್ಲ. “ವೈರಿನ ಮ್ಯಾಲಿನ ರಬ್ಬರ್ ಸವದಂಗವಾ, ಕೈಕಾಲಿಗೆ ಸುದ್ದಿ ಸರಿಯಾಗಿ ಮುಟ್ಟೂದಿಲ್ಲ” ಅಂದದ್ದು ಮಾತ್ರ ನಿಂತಿತು. ಶೆಡ್ಡಿನಲ್ಲಿ ಅದಕ್ಕೆ ‘ವೈರಿನ ಜಡ್ಡು’ ಅಂತಲೇ ಹೆಸರಾಯಿತು.

“ಏನಬೇ ಮುಮ್ತಾಜ, ಕರೆಂಟ್ ಬಂತೇನ?” ಪಕ್ಕದಲ್ಲಿ ಕೂರುವ ಚೌಡವ್ವ ದಿನಾ ಕೇಳುವಳು.

“ಇಲ್ಲ ಯಕ್ಕಾ, ಇನ್ನೂ ಸಿಂಗಲ್ ಫೇಸ್.”

ಎಲ್ಲರೂ ನಗುವರು. ನಗು ಮುಗಿದ ಮೇಲೆ ಮುಮ್ತಾಜಬಿ ಚೀಲಗಳ ಮರೆಗೆ ಹೋಗಿ ಅತ್ತು ಬರುವಳು. ಮಗಳು ಹುಮಾಳ ಜಡೆ ಹೆಣೆಯಲು ಬೆರಳು ಬಾರದ ದಿನದಿಂದ ಅವಳಿಗೆ ನಿದ್ದೆ ಸರಿಯಿರಲಿಲ್ಲ.

ಶೆಡ್ಡಿಗೆ ಅಂಟಿಕೊಂಡೇ ಸಾವ್ಕಾರ ಮನೋಹರಪ್ಪನ ಕೋಲ್ಡ್ ಸ್ಟೋರೇಜ್ ಇತ್ತು. ಮೆಣಸಿನಕಾಯಿಯ ಬಣ್ಣ ಮಾಸಬಾರದು ಅಂತ ಒಳಗೆ ಹಗಲೂ ರಾತ್ರಿ ತಂಪು. ಬಾಗಿಲು ತೆಗೆದಾಗಲೆಲ್ಲ ಆ ತಂಪು ಮುಂದಿನ ಪಡಸಾಲೆಗೂ ಹರಿಯುತ್ತಿತ್ತು. ಒಮ್ಮೆ ಚೀಲ ಇಳಿಸಲು ಹೋದ ಮುಮ್ತಾಜಬಿ ಅಲ್ಲಿ ಗಳಿಗೆ ಕೂತಳು. ಕಾಲು ಮತ್ತೆ ತನ್ನದಾಯಿತು. ಅವತ್ತೇ ಸಾವ್ಕಾರನ ಎದುರು ಹೋಗಿ ನಿಂತಳು.

“ನನ್ನ ಚೀಲ ಈ ಪಡಸಾಲ್ಯಾಗ ಕೊಡಸ್ರಿ ಸಾವ್ಕಾರ್ರ. ಇಲ್ಲೇ ಕುಂತು ಬಿಡಸ್ತೇನಿ.”

“ಇವತ್ತ ನಿನಗ ಕೊಟ್ರ ನಾಳೆ ಶೆಡ್ಡಿಗೆ ಶೆಡ್ಡೇ ಎದ್ದು ಬರ್ತೈತಿ. ನಿನ್ನ ಜಡ್ಡು ಕಾಲಾಗ ಇಲ್ಲವಾ, ತಲ್ಯಾಗ ಐತಿ. ತಲೀಗೆ ವ್ಯವಸ್ಥಾ ಮಾಡಸ್ತೇನಿ, ನಡಿ.”

ವ್ಯವಸ್ಥೆಯಾಯಿತು. ಇಂಥ ರೋಗಿಗಳ ಮನಸ್ಸಿನ ಸಂಕಟಕ್ಕೆ ಬೆಂಗಳೂರಿನ ಸಂಸ್ಥೆಯೊಂದು ಕಂಪ್ಯೂಟರಿನಲ್ಲೇ ಪುಕ್ಕಟೆ ಸಲಹೆ ಕೊಡುತ್ತಿತ್ತು. ಸಾವ್ಕಾರ ದಾದಾಪೀರನ ಸೈಬರ್ ಕೆಫೆಯಲ್ಲಿ ಒಂದು ಕಂಪ್ಯೂಟರು ಗೊತ್ತು ಮಾಡಿದ. ‘ಉಚಿತ ಆನ್‌ಲೈನ್ ಮನೋಚಿಕಿತ್ಸೆ’ ಅಂತ ಬಾಗಿಲಿಗೆ ಬ್ಯಾನರ್ ಕಟ್ಟಿಸಿದ. ಅದರಲ್ಲಿ ಅವನ ಮುಖ ಕಂಪ್ಯೂಟರಿಗಿಂತ ದೊಡ್ಡದಿತ್ತು.

ವಾರಕ್ಕೊಮ್ಮೆ ಮ್ಯಾನೇಜರ್ ಯಲ್ಲೇಶ ಅವಳನ್ನು ಕರೆದೊಯ್ಯುವನು. ಪರದೆಯ ಮೇಲೆ ಅರುಣಾ ಮೇಡಂ ಅಂತ ಒಬ್ಬ ಹೆಣ್ಣುಮಗಳು. ಮೋರೆ ನೋಡಿದರೆ ಒಳ್ಳೆಯವಳೇ. ಆದರೆ ಹೆಡ್‌ಫೋನು ಯಲ್ಲೇಶನ ಕಿವಿಯಲ್ಲಿ, ಅದರ ಮೈಕು ಅವನ ಬಾಯಿಯ ಬಳಿ. ಮೇಡಂ ತುಟಿ ಆಡಿಸುವಳು, ಇವನು ತಲೆ ಆಡಿಸುವನು.

“ಏನಂತಾರ ಯಲ್ಲೇಶಣ್ಣಾ?”

ಯಲ್ಲೇಶ ಮೈಕಿಗೆ ಅಂಗೈ ಒತ್ತಿ, “ಉದ್ದಕ ಉಸಿರು ಎಳಕೋ ಅಂತಾರ. ಎಲ್ಲಾ ನಿನ್ನ ಮನಸಿನ ಭ್ರಮಾ ಅಂತ.” ಆಮೇಲೆ ಕೈ ತೆಗೆದು ಪರದೆಯ ಕಡೆ ತಿರುಗಿ, “ಫ್ಯಾನ್ ಐತ್ರಿ ಮೇಡಂ, ಭಾಳ ಛಲೋ ನೋಡ್ಕೊಂಡೇವ್ರಿ.”

“ಯಾವ ಫ್ಯಾನೋ ಯಣ್ಣಾ?”

ಅವನು ಮತ್ತೆ ಮೈಕು ಮುಚ್ಚಿದ. “ಬಾಯಿ ಮುಚ್ಚು. ನಡಕ ಮಾತಾಡಿದ್ರ ನೆಟ್ ಕಟ್ ಆಕ್ಕೈತಿ.”

ಮುಮ್ತಾಜಬಿ ಹೇಳಿದ್ದನ್ನು ಪಾಲಿಸುವ ಹೆಂಗಸು. ಮರುದಿನ ರಾಶಿಯ ಮುಂದೆ ಕೂತು ಕಣ್ಣು ಮುಚ್ಚಿ ಉದ್ದಕ್ಕೆ ಉಸಿರು ಎಳೆದಳು. ಖಾರದ ಧೂಳು ನೆತ್ತಿಗೇರಿತು. ಕೆಮ್ಮಿ ಕೆಮ್ಮಿ ಹೊರಳಾಡಿದವಳ ಬೆನ್ನು ಗುದ್ದುತ್ತಾ ಚೌಡವ್ವ, “ಯಾವಾಕಿಬೇ ಆ ಡಾಕ್ಟರು? ಇಲ್ಲಿ ಬಂದು ತಾನೊಮ್ಮೆ ಎಳಕೋ ಅನ್ನು!” ಅಂದಳು.

ಮುಮ್ತಾಜಬಿ ನಗಲಿಲ್ಲ. “ಯಕ್ಕಾ, ಅವರು ಕಲ್ತವ್ರು. ನನಗ ಖರೇನ ಹುಚ್ಚ ಹಿಡದಿರಬೇಕ. ಯಲ್ಲೇಶಣ್ಣ ಮುಂದಿನ ವಾರದಿಂದ ಮನ್ಯಾಗ ಇರು ಅಂದಾನ. ಮೇಡಂನೂ ಹಂಗ ಹೇಳ್ಯಾರಂತ.”

ಚೌಡವ್ವ ಅವಳ ರಾಶಿಯಿಂದ ಎರಡು ಬೊಗಸೆ ತನ್ನ ಕಡೆ ಎಳೆದುಕೊಂಡಳು.

ಆ ವಾರವೇ ಸಾವ್ಕಾರನಿಗೆ ತನ್ನ ಪುಣ್ಯಕಾರ್ಯ ನಾಲ್ಕು ಜನರಿಗೆ ತೋರಿಸುವ ಉಮೇದು ಬಂತು. ಹಾವೇರಿಯ ಪತ್ರಿಕೆಯವರಿಗೆ, ರಾಣೆಬೆನ್ನೂರಿನ ಬೀಜದ ವ್ಯಾಪಾರಿಗಳಿಗೆ ಹೇಳಿಕಳಿಸಿದ. ಎಲ್ಲರಿಗೂ ಕೇಳಲೆಂದು ದಾದಾಪೀರ ಹೆಡ್‌ಫೋನು ಕಿತ್ತು ಕಂಪ್ಯೂಟರಿಗೆ ದೊಡ್ಡ ಸ್ಪೀಕರ್ ಜೋಡಿಸಿ, ಮೇಜಿನ ಮೇಲೆ ಮೈಕ್ ಇಟ್ಟ. ಕುರ್ಚಿ ಖಾಲಿ ಕಾಣಬಾರದಲ್ಲ, ಯಲ್ಲೇಶ ಶೆಡ್ಡಿಗೆ ಓಡಿ ಬಂದ.

“ಏಳ್ರಬೇ, ಎಲ್ಲಾರೂ ನಡೀರಿ.”

“ಮೈ ಕೊಡವಿ ಕೈ ಮಾರಿ ತೊಳಕೊಂಡು ಬರ್ತೇವೋ,” ಅಂದಳು ಚೌಡವ್ವ.

“ಟೈಮಿಲ್ಲ. ಹಂಗ ಬರ್ರಿ. ಮುಗದ ಕೂಡ್ಲೇ ಮತ್ತ ಬಂದು ಕುಂದ್ರಬೇಕು.”

ಹಾಗೆಯೇ ಬಂದರು. ಸೀರೆ, ಕುಪ್ಪಸ, ತಲೆಗೂದಲು, ಎಲ್ಲದರಲ್ಲೂ ಬ್ಯಾಡಗಿಯ ಖಾರ ಹೊತ್ತು ಬಂದರು. ಎ.ಸಿ. ಹಾಕಿದ ಸಣ್ಣ ಕೋಣೆ, ಗಾಜಿನ ಬಾಗಿಲು ಭದ್ರ. ಸಾವ್ಕಾರ ಮೈಕ್ ಹಿಡಿದು, “ಬಡವರ ಮನಸಿನ ನೋವಿಗೆ...” ಅನ್ನುವಷ್ಟರಲ್ಲಿ ಚೌಡವ್ವ ಎ.ಸಿ.ಯ ಬಾಯಿಯ ಮುಂದೆ ಹೋಗಿ ನಿಂತು, “ಅಬ್ಬಾ, ಏನ್ ತಂಪೈತಿ!” ಅಂದಳು. ಸೆರಗನ್ನು ಅಗಲ ಮಾಡಿ ಪಟಪಟ ಕೊಡವಿದಳು.

“ಆಕ್ಷೀ!”

ಮೊದಲು ಬೀಜದ ವ್ಯಾಪಾರಿಗಳು. ಆಮೇಲೆ ಪತ್ರಿಕೆಯವರು. ಯಲ್ಲೇಶ ಮೂಗು ಹಿಡಿದು ಹೊರಗೆ ಓಡಿದ. ಹೆಂಗಸರು ಅಲ್ಲೊಂದು ಇಲ್ಲೊಂದು ಕೆಮ್ಮಿ ಸುಮ್ಮನೆ ಕೂತರು. ಅವರಿಗಿದು ದಿನದ ಊಟ. ಸಾವ್ಕಾರ ಶೆಡ್ಡಿನೊಳಗೆ ಕಾಲಿಟ್ಟು ವರ್ಷಗಳಾಗಿದ್ದವು. ಅವನ ಕಣ್ಣು ಮೂಗು ಕೋಡಿ ಹರಿದವು.

ಪರದೆಯ ಮೇಲೆ ಅರುಣಾ ಮೇಡಂ ಕೈ ಜೋಡಿಸಿಕೊಂಡು ನೋಡುತ್ತಿದ್ದಳು. ಅವಳ ದನಿ ಮೊದಲ ಬಾರಿಗೆ ಕೋಣೆಗೆಲ್ಲ ಕೇಳಿತು. “ಸರ್, ತಡ್ಕೋಬೇಡಿ, ಅತ್ತುಬಿಡಿ. ಅಳೋದು ನಾಚಿಕೆ ವಿಷಯ ಅಲ್ಲ.”

“ಅಳಾ... ಆಕ್ಷೀ! ಅಳಾಕತ್ತಿಲ್ರೀ...”

“ಮೊದಮೊದಲು ಎಲ್ಲರೂ ಹಾಗೇ ಅಂತಾರೆ ಸರ್.”

ಮುಮ್ತಾಜಬಿ ಸ್ಪೀಕರನ್ನೇ ನೋಡಿದಳು. ಪ್ರತಿ ಮಾತೂ ಅರ್ಥವಾಗುತ್ತಿತ್ತು. ಗೋಡೆ ಹಿಡಿದು ನಡೆದು ಹೋಗಿ ಯಲ್ಲೇಶ ಬಿಟ್ಟೋಡಿದ ಕುರ್ಚಿಯಲ್ಲಿ ಕೂತಳು.

“ಮೇಡಂ ಅವ್ರ, ನನಗ ಹುಚ್ಚ ಹಿಡದೈತೇನ್ರಿ?”

ಅರುಣಾ ಬೆಚ್ಚಿದಳು. “ನಿಮಗೆ ಕನ್ನಡ ಬರುತ್ತಾ? ಬರೀ ಉರ್ದು ಅಂತ ಮ್ಯಾನೇಜರ್ ಫೋನಲ್ಲಿ ಹೇಳಿದ್ರು!”

“ಬ್ಯಾಡಗ್ಯಾಗ ಹುಟ್ಟಿದಾಕಿರಿ ನಾನು. ಬೈಯಾಕೂ ಕನ್ನಡಾನ ಬರ್ತೈತಿ.”

ಹೆಂಗಸರು ಗೊಳ್ಳೆಂದರು. ಅರುಣಾ ಮಾತ್ರ ನಗಲಿಲ್ಲ. “ಮುಮ್ತಾಜ್, ನಿಮಗೆ ಹುಚ್ಚಿಲ್ಲ. ಈ ಕಾಯಿಲೆ ಇರೋರಿಗೆ ಹೆದರಿಕೆ, ಅಳು ಬರೋದು ಸಹಜ. ಅದಕ್ಕೇ ನಾವು ಮಾತಾಡೋದು. ಆದರೆ ಕಾಲು ಕಲ್ಲಾಗೋದು ಭ್ರಮೆ ಅಲ್ಲ. ಕಾವಿಗೆ ಅದು ಹೆಚ್ಚಾಗುತ್ತೆ. ತಂಪಾದ ಕಡೆ ಕೂರಿಸಿ, ಕೆಲಸ ಬಿಡಿಸಬೇಡಿ ಅಂತ ಮೊದಲನೇ ದಿನವೇ ಹೇಳಿದ್ದೆ. ಅವರು ತಿಳಿಸಲಿಲ್ವಾ?”

ಸೀನು ಕೂಡ ನಿಂತಿತು. ಎಲ್ಲರೂ ಗಾಜಿನ ಬಾಗಿಲಾಚೆ ನಿಂತ ಯಲ್ಲೇಶನನ್ನು ನೋಡಿದರು. ಆಮೇಲೆ ಸಾವ್ಕಾರನನ್ನು ನೋಡಿದರು.

ಮುಮ್ತಾಜಬಿ ಅಳುತ್ತಿದ್ದಳು. ಅದು ಖಾರಕ್ಕಲ್ಲ.

“ಬಂದ್ ಮಾಡೋ ದಾದಾಪೀರ!” ಸಾವ್ಕಾರ ಕರವಸ್ತ್ರದೊಳಗಿಂದ ಕಿರುಚಿದ.

“ಹೆಂಗ್ ಮಾಡ್ಲ್ರಿ ಸಾವ್ಕಾರ್ರ,” ಅಂದ ದಾದಾಪೀರ ಕಣ್ಣೊರೆಸುತ್ತಾ, “ಕಣ್ಣ ಕಾಣವಲ್ವು, ಬಟನ್ ಎಲ್ಲೈತೋ ಏನೋ.”

ಮರುದಿನ ಬೆಳಿಗ್ಗೆ ತಗಡಿನ ಶೆಡ್ಡು ಖಾಲಿ. ಹೆಂಗಸರೆಲ್ಲ ಚೀಲ ಎಳೆದುಕೊಂಡು ಕೋಲ್ಡ್ ಸ್ಟೋರೇಜಿನ ಪಡಸಾಲೆಯಲ್ಲಿ ಕೂತಿದ್ದರು. ನಡುವೆ, ಬಾಗಿಲಿಗೆ ಹತ್ತಿರದ ಜಾಗದಲ್ಲಿ ಮುಮ್ತಾಜಬಿ.

ಸಾವ್ಕಾರ ಬಂದ. ಕಣ್ಣು ಇನ್ನೂ ಕೆಂಪಗಿದ್ದವು. “ಯಾರನ್ನ ಕೇಳಿ ಕುಂತೀರಿ ಇಲ್ಲೆ?”

“ಚಿಕಿತ್ಸಾ ನಡದೈತ್ರಿ,” ಅಂದಳು ಮುಮ್ತಾಜಬಿ, ತೊಟ್ಟು ಬಿಡಿಸುತ್ತಲೇ. “ಮೆಣಸಿನಕಾಯಿ ಬಣ್ಣ ಮಾಸಬಾರದು ಅಂತ ತಂಪು ಹಚ್ಚೀರಿ. ನಮ್ಮ ಬಣ್ಣನೂ ಒಂದಿಷ್ಟು ಉಳೀಲಿ.”

“ಏಳ್ರಿ! ಏಳ್ತೀರೋ ಇಲ್ಲೋ?”

ಎದ್ದರು. ಎಲ್ಲರೂ ಒಟ್ಟಿಗೇ ಎದ್ದರು. ಸಾವ್ಕಾರನ ಮೋರೆಯಲ್ಲಿ ಇನ್ನೇನು ನಗು ಮೂಡಬೇಕು, ಅಷ್ಟರಲ್ಲಿ ಚೌಡವ್ವ ಸೊಂಟಕ್ಕೆ ಸಿಕ್ಕಿಸಿದ್ದ ಸೆರಗು ಬಿಚ್ಚಿ ಎರಡೂ ಕೈಯಲ್ಲಿ ಅಗಲ ಹಿಡಿದಳು. ಸಾಲಿಗೆ ಸಾಲೇ ಸೆರಗು ಹಿಡಿಯಿತು.

ಸಾವ್ಕಾರ ಮೂಗು ಮುಚ್ಚಿಕೊಂಡು ಮೆಟ್ಟಿಲಿಳಿದ.

“ಕುಂದ್ರಬೇ ಮುಮ್ತಾಜ,” ಅಂದಳು ಚೌಡವ್ವ. “ಕರೆಂಟ್ ಹೆಂಗೈತಿ?”

ಮುಮ್ತಾಜಬಿ ಕಾಲಿನ ಬೆರಳು ಆಡಿಸಿ ನೋಡಿದಳು.

“ತ್ರೀ ಫೇಸ್ ಯಕ್ಕಾ.”