ಕಪ್ಪಿನಲ್ಲಿ ಕಂಡದ್ದು

ಊರಿಗೆಲ್ಲ ಬುದ್ಧಿ ಹೇಳಿ ಒಪ್ಪಿಸುವ ಹಲ್ಲಿನ ವೈದ್ಯೆಗೆ ಹೆತ್ತಪ್ಪನನ್ನು ಒಪ್ಪಿಸಲು ಆಗಿರಲಿಲ್ಲ. ಅಪ್ಪ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುವವರು. ಊದುವಾಗ ವಾದ್ಯವನ್ನು ಒತ್ತಿ ಹಿಡಿಯುವುದು ಮೇಲಿನ ಎರಡು ಹಲ್ಲು. ಅವೇ ಈಗ ಅಲ್ಲಾಡುತ್ತಿದ್ದವು. ವಸಡು ಸ್ವಚ್ಛ ಮಾಡಿಸದಿದ್ದರೆ ಹಲ್ಲೂ ಹೋಗುತ್ತದೆ, ಊದುವುದೂ ನಿಲ್ಲುತ್ತದೆ ಎಂದರೆ ಕೇಳಬೇಕಲ್ಲ? ಅವರು ಹಿಡಿದ ಮೊಲಕ್ಕೆ ಮೂರೇ ಕಾಲು.

ಒಮ್ಮೆ ಅವರ ಹಲ್ಲಿನ ಕೊಳೆಯನ್ನೇ ಮೈಕ್ರೋಸ್ಕೋಪಿನಲ್ಲಿ ತೋರಿಸಿದ್ದಳು. ಬಣ್ಣವೇ ಇಲ್ಲದ ಸೂಕ್ಷ್ಮಜೀವಿಗಳು ಅಷ್ಟು ಬೆಳಕಿನಲ್ಲಿ ಎಲ್ಲಿ ಕಾಣಬೇಕು? "ಹಾಲು ಚೆಲ್ಲಿದ ಹಾಗಿದೆ, ಅಷ್ಟೇ ಕಣಮ್ಮ," ಎಂದು ಎದ್ದು ಹೋಗಿದ್ದರು.

ಅದಕ್ಕೇ, ಹಿನ್ನೆಲೆಯನ್ನು ಕಪ್ಪಾಗಿಸಿ ಜೀವಿಗಳನ್ನಷ್ಟೇ ಬೆಳಗಿಸುವ ಡಾರ್ಕ್‌ಫೀಲ್ಡ್ ಕಂಡೆನ್ಸರ್ ಬೇಕೆಂದು ಉಪಕರಣದ ಅಂಗಡಿಗೆ ಹೋದಳು.

"ಯಾವ ಲೆನ್ಸಲ್ಲಿ ನೋಡ್ತೀರ ಡಾಕ್ಟ್ರೇ?" ಅಂಗಡಿಯವರು ಕೇಳಿದರು. "ನಲವತ್ತು ಪಟ್ಟು ತೋರಿಸೋದಾದ್ರೆ ಈ ಡ್ರೈ ಕಂಡೆನ್ಸರ್ ಸಾಕು. ನೂರರದ್ದಾದ್ರೆ ಎಣ್ಣೆ ಹಾಕೋ ಕಂಡೆನ್ಸರ್ ಬೇಕು, ಬಾಯಿ ಕಿರಿದು ಮಾಡೋ ಐರಿಸ್ ಇರೋ ಲೆನ್ಸೂ ಬೇಕು."

"ಯಾಕೆ?"

"ಇದು ನಡುವಿನ ಬೆಳಕನ್ನ ತಡೆದು ಸುತ್ತಲಿಂದ ಓರೆಯಾಗಿ ಬಿಡುತ್ತೆ. ಜೀವಿಗೆ ತಾಗಿ ಚದುರಿದ ಬೆಳಕು ಮಾತ್ರ ಲೆನ್ಸಿಗೆ ಹೋಗ್ಬೇಕು. ನೂರರ ಲೆನ್ಸಿನ ಬಾಯಿ ದೊಡ್ಡದು, ಸಿಕ್ಕಿದ್ದೆಲ್ಲ ನುಂಗುತ್ತೆ. ಆಮೇಲೆ ಹಿನ್ನೆಲೆ ಕಪ್ಪಾಗೋದೆಲ್ಲಿ?"

ಅಪ್ಪನಿಗೆ ಜೀವಿಗಳ ಓಡಾಟ ಕಂಡರೆ ಸಾಕಿತ್ತು. ಡ್ರೈ ಕಂಡೆನ್ಸರನ್ನೇ ತಂದಳು.

ಮರುದಿನ, ಮತ್ತೊಮ್ಮೆ ನೋಡಲು ಕರೆದಿದ್ದ ಅಪ್ಪ ಕ್ಲಿನಿಕ್ಕಿಗೆ ಬರುವುದರೊಳಗೆ ಕಂಡೆನ್ಸರನ್ನು ಮೇಲಕ್ಕೇರಿಸಿ, ನಡುವಿಗೆ ತಂದು ಸರಿಮಾಡಬೇಕಿತ್ತು. ಪರೀಕ್ಷೆಗೆಂದು ತನ್ನದೇ ಹಲ್ಲಿನ ಕೊಳೆ ಕೆರೆದು ಇಟ್ಟಳು. ಕಪ್ಪು ಹಿನ್ನೆಲೆಯಲ್ಲಿ ಸುರುಳಿಗಳು, ಕಡ್ಡಿಗಳು ಬೆಳ್ಳಗೆ ಹೊಳೆಯುತ್ತ ಹರಿದಾಡಿದವು. ಅವಳಿಗೇ ನಾಚಿಕೆಯಾಯಿತು. ಸ್ಲೈಡ್ ತೆಗೆಯುವಷ್ಟರಲ್ಲಿ ಅಪ್ಪ ಬಂದು ಕಣ್ಣಿಟ್ಟೇಬಿಟ್ಟರು.

ಮತ್ತೆ ಮತ್ತೆ ಬಗ್ಗಿ ನೋಡಿದರು. "ಅವತ್ತು ತೆಗೆದದ್ದಾ ಇದು? ಇದಿಷ್ಟೂ ನನ್ನ ಬಾಯಲ್ಲೇ ಇತ್ತಾ?" ದನಿ ಇಳಿದಿತ್ತು.

ಹೂಂ ಎಂದರೆ ಮುಗಿಯಿತು, ಇವತ್ತೇ ಕುರ್ಚಿ ಹತ್ತುತ್ತಾರೆ. ಹಲ್ಲು ಉಳಿದರೂ ಉಳಿದೀತು. ನಾಲಗೆ ತುದಿಗೆ ಬಂದ ಆ ಹೂಂ ಅನ್ನು ಅವಳು ನುಂಗಿಕೊಂಡಳು.

"ಅಲ್ಲ ಅಪ್ಪ. ಅದು ನಂದು."

ಅಪ್ಪ ತಲೆಯೆತ್ತಿ ನೋಡಿ ನಕ್ಕರು. "ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅನ್ನು." ಆಮೇಲೆ ನಗು ನಿಂತಿತು. "ಆ ಕೊಳೇನೇ ಹಲ್ಲನ್ನ ಹಿಡ್ಕೊಂಡಿದೆ ಅಂದ್ಕೊಂಡಿದ್ದೆ ಕಣಮ್ಮ. ತೆಗೆದ್ರೆ ಉದುರಿಬಿಡ್ತವೆ ಅಂತ ಭಯ. ಊದೋದು ಬಿಟ್ರೆ ನಂಗೆ ಬೇರೇನು ಬರುತ್ತೆ?"

ಇಷ್ಟು ದಿನ ಹಟವೆಂದುಕೊಂಡದ್ದು ಹೆದರಿಕೆ ಎಂದು ತಿಳಿದಾಗ ಅವಳು ಸ್ಟೂಲೆಳೆದು ಅವರೆದುರು ಕೂತಳು. "ಉಳಿಯುತ್ತವೆ ಅಂತ ಮಾತು ಕೊಡೋಕಾಗಲ್ಲ ಅಪ್ಪ. ಹೀಗೇ ಬಿಟ್ರೆ ಮಾತ್ರ ಖಂಡಿತ ಹೋಗ್ತವೆ."

"ನಂದು ಅಂತ ಒಪ್ಕೊಂಡೆಯಲ್ಲ, ಈ ಮಾತನ್ನೂ ನಂಬ್ತೀನಿ," ಎಂದು ಅಪ್ಪ ಕನ್ನಡಕ ತೆಗೆದು ಅವಳ ಕೈಗಿಟ್ಟು, ಕುರ್ಚಿ ಹತ್ತಿ ಮಲಗಿದರು.