ಕನ್ನಡದಾಗೆ ಏನಂತಾರೋ

ಮೂವತ್ತೊಂದು ವರ್ಷ ಕನ್ನಡ ಪಾಠ ಮಾಡಿದವಳು ನಾನು. ತಪ್ಪು ಕಂಡರೆ ಕೈ ಸುಮ್ಮನಿರುವುದಿಲ್ಲ. ಮದುವೆ ಕಾಗದದಲ್ಲಿ ಒತ್ತಕ್ಷರ ತಪ್ಪಿದ್ದರೂ ತಿದ್ದಿದ ಮೇಲೇ ನನಗೆ ಊಟ ಸೇರುವುದು. ರೇಣುಕಮ್ಮ ಮೇಡಂ ಬಂದರೆಂದರೆ ಚಳ್ಳಕೆರೆಯಲ್ಲಿ ಜನ ರಸ್ತೆ ದಾಟುತ್ತಾರೆ, ಗೊತ್ತು. ದಾಟಲಿ. ಆದರೆ ಆ ಒಂದು ದಿನ ಮಾತ್ರ ನನ್ನ ಕೈ ಸೇದಿಹೋಗಬೇಕಿತ್ತು.

ನಿವೃತ್ತಿಯಾದ ಮೇಲೆ ವಾಟ್ಸಾಪಿನಲ್ಲಿ 'ನಮ್ಮ ಮನೆತನದ ಮಾತು' ಎಂಬ ಗುಂಪು ಕಟ್ಟಿದೆ. ಅವರವರ ಮನೆಯ ಹಿರಿಯರ ಮಾತನ್ನು ರೆಕಾರ್ಡ್ ಮಾಡಿ ಹಾಕಬೇಕು, ಅಷ್ಟೆ. ಸಂಬಳವಿಲ್ಲ, ಸನ್ಮಾನವಿಲ್ಲ. ಆದರೂ ಚಳ್ಳಕೆರೆ, ಮೊಳಕಾಲ್ಮುರು ಎರಡೂ ಕಡೆಯಿಂದ ನೂರನಲವತ್ತು ಜನ ಸೇರಿದರು. ಊರಿಗೆ ಉಪಕಾರ ಎಂದು ಎಲ್ಲರೆದುರು ಹೇಳಿಕೊಂಡೆ. ಒಳಗಿನ ಆಸೆಯೇ ಬೇರೆ.

ನನಗೆ ಮೂರು ವರ್ಷವಿದ್ದಾಗ ಅವ್ವ ತೀರಿಕೊಂಡಳು. ಒಂದು ಫೋಟೋ ಕೂಡ ಇಲ್ಲ. ಚಳ್ಳಕೆರೆಯ ಸೋದರತ್ತೆ ನನ್ನನ್ನು ಸಾಕಿದಳು. ಅವ್ವ ಹೇಗಿದ್ದಳು, ನನ್ನನ್ನು ಏನೆಂದು ಕರೆಯುತ್ತಿದ್ದಳು ಎಂದು ಬಲ್ಲವಳು ಉಳಿದಿದ್ದು ಒಬ್ಬಳೇ. ಅವ್ವನ ಅಕ್ಕ, ಸಿದ್ದಾಪುರದ ಕ್ಯಾತಮ್ಮ, ನನ್ನ ದೊಡ್ಡವ್ವ. ಎದುರು ಕೂತು ಕೇಳಿದರೆ, "ನಿನ್ ಮಕ ನೋಡಿದ್ರೆ ಅವ್ಳೇ ಬಂದಂಗಾಗ್ತೈತೆ, ನನ್ ಕೈಲಾಗಲ್ಲ ಬಿಡವ್ವ" ಎಂದು ಸೆರಗು ಬಾಯಿಗಿಟ್ಟುಕೊಳ್ಳುತ್ತಿದ್ದಳು. ಮುಖವಿಲ್ಲದ ಫೋನಿಗಾದರೂ ಹೇಳಿಯಾಳು ಎಂದುಕೊಂಡು, ರೆಕಾರ್ಡ್ ಮಾಡಲು ಅವಳ ಊರಿನ ಆಶಾ ಕಾರ್ಯಕರ್ತೆಗೆ ಹೇಳಿಟ್ಟೆ.

ಗುಂಪು ಎಂದಮೇಲೆ ನಿಯಮ ಬೇಡವೇ? ಐದು ನಿಮಿಷ ಮೀರಬಾರದು, ಕನ್ನಡದಲ್ಲೇ ಇರಬೇಕು. ಮೊದಲು ಸಿಕ್ಕಿಬಿದ್ದವನು ಪರಶುರಾಂಪುರದ ಮುದ್ದಪ್ಪ. ಅವನ ಅಪ್ಪ ಅರ್ಧ ತೆಲುಗಿನಲ್ಲಿ ಮಾತಾಡಿದ್ದರು. ಅಡ್ಮಿನ್ ನಾನು, ಅಳಿಸಿದೆ. ತಕ್ಷಣ ಫೋನು ಬಂತು.

"ಏನ್ ಮೇಡಂ, ನಮ್ ಮನೇಲಿ ಮಾತಾಡೋದೇ ಹಂಗೆ. ಅಪ್ಪನ ನಾಲ್ಗೆ ತೊಳ್ಸಾಕಾಗ್ತೈತಾ?"

ನಿಯಮ ಅಂದರೆ ನಿಯಮ ಎಂದು ಇಟ್ಟುಬಿಟ್ಟೆ.

ಮರುವಾರ ಬೆಳಿಗ್ಗೆ ಸಿದ್ದಾಪುರದ ಆಶಾ ಕಾರ್ಯಕರ್ತೆ ಸ್ವಪ್ನಳ ನಂಬರಿನಿಂದ ಒಂದು ಆಡಿಯೋ ಬಂದಿತ್ತು. ಇಪ್ಪತ್ತಮೂರು ನಿಮಿಷ. ಅದರ ಕೆಳಗೆ ಆಗಲೇ ಮುದ್ದಪ್ಪ ಬರೆದಿದ್ದ: "ಇದಕ್ಕೆ ರೂಲ್ಸ್ ಇಲ್ವಾ ಮೇಡಂ?"

ಒತ್ತಿದೆ. ಕೆಮ್ಮು, ಆಮೇಲೆ ತೆಲುಗು, ಅವ್ವನ ತವರಿನ ಮನೆಮಾತು. ದೊಡ್ಡವ್ವನ ದನಿ. ಗುರುತು ಸಿಗಲಿಲ್ಲ ಎಂದು ಸುಳ್ಳು ಹೇಳಲಾರೆ. ಆದರೆ ಮುದ್ದಪ್ಪನ ಮಾತಿಗೆ ಮೈ ಉರಿಯುತ್ತಿತ್ತು. ಸ್ವಂತ ದೊಡ್ಡವ್ವನಿಗೊಂದು ನ್ಯಾಯ, ಊರಿಗೊಂದು ನ್ಯಾಯ ಎಂದು ಅನ್ನಿಸಿಕೊಳ್ಳಬೇಕೇ? ಮುದುಕಿ ಎಲ್ಲಿಗೆ ಹೋಗುತ್ತಾಳೆ, ಇನ್ನೊಮ್ಮೆ ಹೇಳಿಸಿದರಾಯಿತು. ಹದಿನೈದು ಸೆಕೆಂಡು ಕೇಳಿ ಎಲ್ಲರ ಫೋನಿನಿಂದಲೂ ಅಳಿಸಿಬಿಟ್ಟೆ. ನನಗೊಂದು ಪ್ರತಿ ಇಟ್ಟುಕೊಳ್ಳಬೇಕೆಂದು ಹೊಳೆಯಲೇ ಇಲ್ಲ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎಂಬ ಗಾದೆಯನ್ನು ಮಕ್ಕಳಿಗೆ ಎಷ್ಟು ಸಲ ಬರೆಸಿದ್ದೆನೋ!

ಸ್ವಪ್ನಳಿಗೆ ಫೋನು ಮಾಡಿ, ಕನ್ನಡದಲ್ಲಿ ತಿದ್ದಿ ಹೇಳಿಸು ಎಂದೆ.

"ಆಯ್ತು ಮೇಡಂ. ನಾನೂ ಕೇಳ್ಲಿಲ್ಲ. ಫೋನ್ ಮಂಚದ ಮ್ಯಾಲಿಟ್ಟು ಪಕ್ಕದ್ಮನೆ ಬಾಣಂತಿ ನೋಡಾಕೆ ಹೋಗಿದ್ದೆ. ಬಂದಾಗ ಅಜ್ಜಿ ಕಣ್ಣೊರೆಸ್ಕಂತಿತ್ತು" ಎಂದಳು.

ಮೂರು ದಿನಕ್ಕೆ ಇನ್ನೊಂದು ಬಂತು. ನಾಲ್ಕು ನಿಮಿಷ. ಸ್ವಪ್ನ ಹೇಳಿಕೊಟ್ಟಿದ್ದನ್ನು ದೊಡ್ಡವ್ವ ಮಗ್ಗಿ ಒಪ್ಪಿಸಿದಂತೆ ಒಪ್ಪಿಸುತ್ತಿದ್ದಳು. "ನನ್ನ ತಂಗಿ ಒಳ್ಳೆಯವಳು. ಎಲ್ಲರನ್ನೂ ಪ್ರೀತಿಸುತ್ತಿದ್ದಳು." ಅಯ್ಯೋ, ಅವ್ವ ಅದರಲ್ಲಿ ಎಲ್ಲಿದ್ದಾಳೆ? ಭಾನುವಾರ ನಾನೇ ಹೋಗಿ ಬಾಯಿ ಬಿಡಿಸುತ್ತೇನೆ ಎಂದುಕೊಂಡು ಅರ್ಧಕ್ಕೇ ನಿಲ್ಲಿಸಿದೆ. ಗುಂಪಿನಲ್ಲಿ ಮಾತ್ರ "ಅಚ್ಚುಕಟ್ಟಾಗಿದೆ, ಎಲ್ಲರಿಗೂ ಮಾದರಿ" ಎಂದು ಬರೆದೆ.

ಶುಕ್ರವಾರ ದೊಡ್ಡವ್ವ ಹೋಗಿಬಿಟ್ಟಳು. ಕೂತಲ್ಲೇ, ಎಲೆ ಅಡಿಕೆ ಕೈಯಲ್ಲಿ ಹಿಡಿದುಕೊಂಡು.

ಹನ್ನೊಂದನೇ ದಿನ ಮುಗಿದ ಮೇಲೆ ಸ್ವಪ್ನಳ ಫೋನನ್ನು ಚಳ್ಳಕೆರೆಯ ಮೊಬೈಲ್ ಅಂಗಡಿಗೆ ಒಯ್ದೆ. "ನೀವೇ ಎಲ್ಲರ್ದೂ ಅಳಿಸಿದ್ದೀರಲ್ಲಮ್ಮ, ನಾನೆಲ್ಲಿಂದ ತರ್ಲಿ?" ಎಂದ ಅಂಗಡಿಯವನು. ಕೊನೆಗೆ ಮಾನ ಬಿಟ್ಟು ಮುದ್ದಪ್ಪನಿಗೆ ಫೋನು ಮಾಡಿದೆ.

"ಎರಡು ನಿಮಿಷ ಕೇಳಿದ್ದೆ ಮೇಡಂ. ನಿಮ್ಮವ್ವ ನಿಮ್ಮನ್ನ ಸೊಂಟದ ಮ್ಯಾಲೆ ಕೂರುಸ್ಕಂಡು ಕುರಿ ಹಿಂದೆ ಗುಡ್ಡ ಹತ್ತತಿದ್ರಂತೆ. ನಿಮ್ಮನ್ನ ಏನಂತ ಕರೀತಿದ್ರು ಅಂತ ಹೇಳಾಕೆ ಬಂದ್ರು, ಅಷ್ಟೊತ್ತಿಗೆ ಅಳಿಸಿಹೋಯ್ತು." ಆಮೇಲೆ ಸೇರಿಸಿದ: "ರೂಲ್ಸ್ ಅಂದಿದ್ದು ಕೆಣಕಾಕೆ ಮೇಡಂ. ಅಳಿಸಿ ಅಂತ ನಾನೆಲ್ಲಿ ಅಂದೆ?"

ಈಗ ಗುಂಪಿನಲ್ಲಿ ನಿಯಮವಿಲ್ಲ. ತೆಲುಗೋ, ಉರ್ದುವೋ, ಒಂದು ಗಂಟೆಯಾದರೂ ಬರಲಿ. ಮುದ್ದಪ್ಪ ಅಪ್ಪನ ಮಾತನ್ನು ಮತ್ತೆ ಕಳಿಸಿದ್ದಾನೆ. ಪೂರ್ತಿ ಕೇಳಿದೆ.

ಅದಾದ ಮೇಲೆ ದೊಡ್ಡವ್ವನ ಆ ನಾಲ್ಕು ನಿಮಿಷವನ್ನೂ ಮೊದಲ ಸಲ ಕೊನೆತನಕ ಕೇಳಿದೆ. ಕೊನೆಯಲ್ಲಿ ಅವಳು ಪಾಠ ಬಿಟ್ಟು ತನ್ನ ಮಾತಿಗೆ ಇಳಿದಿದ್ದಳು.

"ನನ್ ತಂಗಿ ಆ ಕೂಸ್ನ ಏನಂತ ಕರೀತಿದ್ಲು ಅಂದ್ರೆ..." ನಿಲ್ಲಿಸಿದಳು. "ಅದು ತೆಲುಗು ಮಾತು ಕಣವ್ವ ಸ್ವಪ್ನಾ. ಕನ್ನಡದಾಗೆ ಏನಂತಾರೋ ನಂಗೊತ್ತಿಲ್ಲ."

"ಗೊತ್ತಿಲ್ದಿದ್ರೆ ಬಿಡಜ್ಜಿ, ಮೇಡಂ ಬೈತಾರೆ."

"ಹಂಗಾರೆ ಬ್ಯಾಡ ಬಿಡು" ಎಂದು ದೊಡ್ಡವ್ವ ನಕ್ಕಳು. "ಪಾಪ, ನಮ್ ರೇಣುಕಂಗೆ ತಪ್ಪು ಕಂಡ್ರೆ ಆಗಲ್ಲ."