ಕುಶಲನ ಕುದುರೆಗೆ ಹಾಕಿದ ಗೊಟ್ಟ

ಕುಶಲನ ಕುದುರೆಯನ್ನು ಕೊಂದವನು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಹೇಳಬೇಕಾದ ಹೊತ್ತಿಗೆ ನಾನು ಬಾಯಿ ಬಿಡಲಿಲ್ಲ.

ಎರಡನೆಯ ಮಹಾಯುದ್ಧ ಶುರುವಾದ ವರ್ಷ ಅದು. ಪುಣೆಯ ಭವಾನಿ ಪೇಠೆಯಲ್ಲಿ ಕಾಳಿನ ಮೂಟೆ ಹೊರುತ್ತಿದ್ದೆ. ಇಂಡಿ ಕಡೆಯವನು. ಊರಲ್ಲಿ ಎತ್ತುಗಳಿಗೆ ಗೊಟ್ಟ ಹಾಕುವುದರಲ್ಲಿ ಸಿದ್ದಲಿಂಗಪ್ಪನನ್ನು, ಅಂದರೆ ನನ್ನನ್ನು, ಬಿಟ್ಟರಿಲ್ಲ ಎನ್ನಿಸಿಕೊಂಡಿದ್ದೆ. ಓರೆಯಾಗಿ ಕೊಯ್ದ ಬಿದಿರಿನ ಕೊಳವೆಗೆ ಔಷಧ ತುಂಬಿ, ದನದ ಬಾಯಿಗೆ ತೂರಿಸಿ ಗಂಟಲಿಗೆ ಇಳಿಸುವ ಕೆಲಸ. ಆ ಕೊಳವೆಯನ್ನು ಪುಣೆಗೂ ತಂದಿದ್ದೆ. ಜಂಬವನ್ನು ಎಲ್ಲಿ ಬಿಟ್ಟುಬರಲಿ?

ನಮ್ಮ ಕಡೆಯವನೇ ಆದ ಕುಶಲ ಸ್ಟೇಷನ್ನಿನ ಮುಂದೆ ಟಾಂಗಾ ಹೊಡೆಯುತ್ತಿದ್ದ. ಒಂದು ಬೆಳಿಗ್ಗೆ ಓಡಿಬಂದ. "ಕಾಕಾ, ಕುದ್ರಿ ಹೊಟ್ಟಿನೋವಿಂದ ಹೊರಳಾಡಾಕ ಹತ್ತೇದ್ರಿ. ಲಗೂ ಬರ್ರಿ." ದಾರಿಯುದ್ದಕ್ಕೂ ಹೆಂಡತಿ ಶಿವಗಂಗವ್ವನನ್ನು ಬೈದ. ತೊಯ್ದ ಹುಲ್ಲು ಹಾಕಿದ್ದಾಳಂತೆ.

ಕುದುರೆಗೆ ಅದುವರೆಗೆ ನಾನು ಗೊಟ್ಟ ಹಾಕಿರಲಿಲ್ಲ. ಹಾಗೆಂದು ಹೇಳಬಹುದಿತ್ತು. ಆದರೆ ಸುತ್ತ ಹತ್ತು ಮಂದಿ ಟಾಂಗಾದವರು ನಿಂತಿದ್ದರು. ಎತ್ತಿಗೆ ಮಾಡುವಂತೆಯೇ ಮಾಡಿದೆ. ಲಾಯದ ತೊಲೆಗೆ ಹಗ್ಗ ಹಾಕಿ ತಲೆ ಎತ್ತಿಸಿದೆ, ನಾಲಗೆ ಹೊರಗೆಳೆದು ಹಿಡಿದೆ, ಎಳ್ಳೆಣ್ಣೆಯಲ್ಲಿ ಕಲಸಿದ ಇಂಗು, ಓಮ ಸುರಿದೆ. ಎರಡನೆಯ ಗೊಟ್ಟಕ್ಕೆ ಕುದುರೆ ಕೆಮ್ಮಿತು.

"ಕಾಕಾ, ಕೆಮ್ಮಾಕ ಹತ್ತೇದ, ಬಿಡ್ರಿ," ಎಂದಳು ಶಿವಗಂಗವ್ವ.

ಹೆಂಗಸಿನ ಮಾತಿಗೆ ಕೈ ತಡೆದರೆ ನನ್ನ ಮಾನವೇನಾಗಬೇಕು? ಮೂರನೆಯದನ್ನೂ ಸುರಿದೆ.

ಸಂಜೆಗೆ ಹೊಟ್ಟೆನೋವು ಇಳಿದು ಕುದುರೆ ಲದ್ದಿ ಹಾಕಿತು. ಟಾಂಗಾದವರು ನನ್ನನ್ನು ಹೊಗಳಿದ್ದೇ ಹೊಗಳಿದ್ದು. ಕುಶಲ ಕಾಲಿಗೆ ಬಿದ್ದ. ಮೂರನೆಯ ದಿನ ನೋಡಹೋದರೆ ಕುದುರೆಯ ಮೈ ಸುಡುತ್ತಿತ್ತು, ಏದುಸಿರಿಗೆ ಪಕ್ಕೆಗಳು ಹಾರುತ್ತಿದ್ದವು. ಮೂಗಿನಿಂದ ನೊರೆ ಇಳಿಯುತ್ತಿತ್ತು. ಮೂಸಿದೆ, ಇಂಗಿನ ವಾಸನೆ. ಔಷಧ ಉಸಿರಿನ ದಾರಿ ಹಿಡಿದು ಎದೆಗೆ ಹೊಕ್ಕಿದೆ ಎಂದು ಆಗಲೇ ತಿಳಿಯಿತು. ಕುಶಲ ನೋಡುವ ಮೊದಲೇ ಧೋತರದ ಚುಂಗಿನಿಂದ ಒರೆಸಿಬಿಟ್ಟೆ. ತಲೆ ಎತ್ತಿದರೆ ಶಿವಗಂಗವ್ವ ಬಾಗಿಲಲ್ಲಿ ನಿಂತಿದ್ದಳು.

ಐದನೆಯ ದಿನ ಕುದುರೆ ಸತ್ತಿತು.

"ಹೊಟ್ಟಿ ಅಲ್ರಿ, ಅದರ ಉಸಿರು ಕೆಟ್ಟಿತ್ತು. ಔಷಧ ಎದಿಗೆ ಹೊಕ್ಕದ ಅಂತ ನಾ ಅವತ್ತಿಂದ ಹೇಳಾಕ ಹತ್ತೀನಿ," ಎಂದಳು ಅವಳು.

ಕುಶಲ ಅವಳ ಕಪಾಳಕ್ಕೆ ಹೊಡೆದ. "ನೀ ಹಾಕಿದ ಹುಲ್ಲಿಂದ ಸತ್ತದ. ಕಾಕಾನ ಮ್ಯಾಲೆ ತಪ್ಪು ಹೊರಸ್ತಿ?"

ನಾನು ಅಲ್ಲೇ ಇದ್ದೆ. ಒಂದು ಮಾತೂ ಆಡಲಿಲ್ಲ. ಆ ವಾರವೇ ಅವಳನ್ನು ಶಿರೂರಿಗೆ, ಅವಳ ಅಣ್ಣನ ಮನೆಗೆ ಅಟ್ಟಿದ.

ಟಾಂಗಾ ಮಾರಿ ಕುಶಲನೂ ಹಮಾಲಿಗೆ ಬಂದ. ನಾಲ್ಕು ತಿಂಗಳು ನನ್ನ ಪಕ್ಕದಲ್ಲೇ ಮೂಟೆ ಹೊತ್ತ. ಅವನು ಕಾಕಾ ಎಂದಾಗಲೆಲ್ಲ ನನಗೆ ನನ್ನ ಮೇಲೇ ಹೇಸಿಗೆ. ಒಂದು ಮಧ್ಯಾಹ್ನ ತಾನೇ ಬಡಿದ ಕರಕಲು ರೊಟ್ಟಿಯಲ್ಲಿ ಅರ್ಧ ಮುರಿದು ನನ್ನ ಕೈಗಿಟ್ಟ. ತಿನ್ನಲಾಗಲಿಲ್ಲ. ಎಲ್ಲ ಹೇಳಿದೆ, ನೊರೆ ಒರೆಸಿದ್ದನ್ನೂ ಹೇಳಿದೆ. ಹೊಡೆಯುತ್ತಾನೆಂದುಕೊಂಡೆ, ಹೊಡೆದಿದ್ದರೆ ಚೆನ್ನಾಗಿತ್ತು.

"ನಡೀರಿ," ಎಂದ. "ಆಕಿ ಮುಂದ ಹೇಳ್ರಿ."

ಶಿರೂರಿನ ಆ ಮನೆಯ ಅಂಗಳದಲ್ಲಿ ಶಿವಗಂಗವ್ವ ಜೋಳ ಕೇರುತ್ತಿದ್ದಳು. ಕೈಮುಗಿದು ತಪ್ಪೊಪ್ಪಿಕೊಂಡೆ. ಅವಳ ಮೊರ ನಿಲ್ಲಲಿಲ್ಲ. ಕುಶಲ ತಲೆ ತಗ್ಗಿಸಿ, "ತಪ್ಪಾತು, ಮನಿಗೆ ನಡಿ," ಎಂದ.

ಅವಳು ನನ್ನ ಕಡೆ ನೋಡಲೂ ಇಲ್ಲ. ಗಂಡನಿಗೇ ಹೇಳಿದಳು:

"ಇದ ಮಾತು ನಾ ಬಾಯಿ ಬಡಕೊಂಡು ಹೇಳಿದೆ, ಕಪಾಳಕ್ಕ ಹೊಡದ್ರಿ. ಇವರು ಒಂದ ಸಲ ಹೇಳಿದ್ರು, ನಂಬಿ ಇಲ್ಲೀತನಕ ಬಂದ್ರಿ. ಇವರ ಕೂಡನ ಸಂಸಾರ ಮಾಡ್ರಿ."

ಜೋಳದ ಮೊರ ಎತ್ತಿಕೊಂಡು ಒಳಗೆ ಹೋದಳು. ಸಂಜೆಯವರೆಗೆ ಕಾದು ನಾವಿಬ್ಬರೇ ಪುಣೆಗೆ ವಾಪಸು ಬಂದೆವು.